ಪದಕಕ್ಕೆ ಮೂರೇ ಹೆಸರು

ನನ್ನ ಗಂಡ ಕ್ರೆಸ್ಟನ್ ಬಾಯಿಬಿಟ್ಟು "ನನಗೆ ಇದು ಬೇಕು" ಎಂದದ್ದನ್ನು ನಾನು ಇಷ್ಟು ವರ್ಷಗಳ ಸಂಸಾರದಲ್ಲಿ ಕೇಳಿರುವುದು ಒಂದೇ ಒಂದು ಸಲ. ನನ್ನನ್ನು ಮದುವೆಯಾಗುವಾಗಲೂ ಅವನು ಹಾಗೆ ಅನ್ನಲಿಲ್ಲ. "ನೀನು ಬರೋದಾದ್ರೆ ಮನೇಲಿ ಜಾಗ ಇದೆ" ಎಂದಿದ್ದ. ನಾನು ಕೋಪನ್‌ಹೇಗನ್ನಿನಲ್ಲಿ ಹುಟ್ಟಿ ಬೆಳೆದವಳು. ಇವನೇನು ನನ್ನನ್ನು ಬಾಡಿಗೆಗೆ ಕರೆಯುತ್ತಿದ್ದಾನೆಯೇ ಎಂದುಕೊಂಡೆ. ಇವನ ಊರಿರುವ, ದೇಶದ ಇನ್ನೊಂದು ತುದಿಯ ಪಶ್ಚಿಮ ಜಟ್‌ಲ್ಯಾಂಡಿನಲ್ಲಿ ಪ್ರೀತಿಯ ಮಾತು ಅದಕ್ಕಿಂತ ಮುಂದೆ ಹೋಗುವುದಿಲ್ಲ ಎಂದು ಆಮೇಲೆ ತಿಳಿಯಿತು.

ಇಲ್ಲಿಯ ಜನರ ಮಾತೆಲ್ಲ ಹೀಗೆಯೇ. ಹಬ್ಬದೂಟ ಉಂಡು "ಅಷ್ಟೇನೂ ಕೆಟ್ಟದಾಗಿರಲಿಲ್ಲ" ಎಂದರೆ ಹೊಗಳಿಕೆಯ ಶಿಖರ ಮುಟ್ಟಿದಂತೆ. ಕಾಫಿಗೆ ಕೂತವರ ಮುಂದೆ ಕೇಕಿನ ತಟ್ಟೆ ಬಂದರೆ ಮೊದಲು ಬೇಡ ಅನ್ನಬೇಕು. ಮನೆಯವಳು ಒತ್ತಾಯಿಸಿದಾಗ ಇನ್ನೊಮ್ಮೆ ಬೇಡ ಅನ್ನಬೇಕು. ಮತ್ತೂ ಒತ್ತಾಯಿಸಿದರೆ, ಅವಳ ಮನಸ್ಸು ನೋಯಿಸಬಾರದು ಎಂಬಂತೆ ಒಂದು ತುಂಡು ತೆಗೆದುಕೊಳ್ಳಬೇಕು. ಹೊಸದಾಗಿ ಬಂದಾಗ ನಾನು ಮೊದಲ ಸಲಕ್ಕೇ ಕೈ ಚಾಚಿ ಆಸೆಬುರುಕಿ ಎನ್ನಿಸಿಕೊಂಡೆ. ನನ್ನ ಮನೆಗೆ ಬಂದವರು ಬೇಡ ಎಂದ ಕೂಡಲೇ ತಟ್ಟೆ ಒಳಗಿಟ್ಟು ಜುಗ್ಗಿ ಎಂದೂ ಎನ್ನಿಸಿಕೊಂಡೆ. ಎರಡು ಬಿರುದನ್ನೂ ಒಂದೇ ವರ್ಷದಲ್ಲಿ ಸಂಪಾದಿಸಿದ ಸೊಸೆ ಈ ಊರಿಗೆ ನಾನೊಬ್ಬಳೇ ಇರಬೇಕು.

ಕ್ರೆಸ್ಟನ್ ನಮ್ಮೂರಿನ ಗಾಳಿಯಂತ್ರದ ಕಾರ್ಖಾನೆಯಲ್ಲಿ ಎಂಜಿನಿಯರ್. ಆ ಯಂತ್ರಗಳ ರೆಕ್ಕೆಗಳು ವರ್ಷ ವರ್ಷಕ್ಕೂ ಉದ್ದವಾಗುತ್ತ ಹೋಗಿ, ಕೊನೆಗೆ ಹಳ್ಳಿಯ ರಸ್ತೆ ತಿರುವುಗಳಲ್ಲಿ ಲಾರಿ ತಿರುಗದ ಹಾಗಾಯಿತು. ಒಂದು ಕಡೆ ಚರ್ಚಿನ ಗೋಡೆಯನ್ನೇ ಬಿಚ್ಚಿ, ರೆಕ್ಕೆ ದಾಟಿಸಿ, ಮತ್ತೆ ಕಟ್ಟಿಕೊಟ್ಟರು. ರೆಕ್ಕೆಯನ್ನು ಎರಡು ತುಂಡಾಗಿ ಸಾಗಿಸಿ ನಿಲ್ಲಿಸುವ ಜಾಗದಲ್ಲಿ ಜೋಡಿಸಿದರೆ ಆಯಿತಲ್ಲ ಎಂದು ಹೇಳುವುದು ಸುಲಭ. ಆ ಜೋಡಣೆ ಉತ್ತರ ಸಮುದ್ರದ ಬಿರುಗಾಳಿಗೆ ಬಿಚ್ಚಿಕೊಳ್ಳದೆ ನಿಲ್ಲಬೇಕು, ಅಲ್ಲಿದೆ ಕಷ್ಟ. ಅದನ್ನು ಸಾಧಿಸಿದವರು ನಾಲ್ಕು ಜನ. ವಿಗ್ಗೊ ಎಲ್ಲರಿಗಿಂತ ಹಿರಿಯ, ನಿವೃತ್ತಿಯ ಅಂಚಿನಲ್ಲಿದ್ದವನು. ಜೋಡಣೆಯ ಆಕಾರ ಅವನದು. ಅಗ್ನೆಟೆ ಅಂಟು ತಯಾರಿಸಿದವಳು. ಟೋರ್ಕಿಲ್ ಉಳಿದವರು ಮಾಡಿದ್ದನ್ನೆಲ್ಲ ಜಗ್ಗಿ, ತಿರುಚಿ, ಮುರಿದು ನೋಡುವವನು. ಎಲ್ಲಿ ಎಷ್ಟು ಭಾರ ಬೀಳುತ್ತದೆ ಎಂಬ ಲೆಕ್ಕ ನನ್ನ ಗಂಡನದು. ಈ ನಾಲ್ವರೂ ಕಿಟಕಿಯ ಪಕ್ಕದ ಒಂದೇ ಮೇಜಿಗೆ ಕೂತು, ಮನೆಯಿಂದ ಕಟ್ಟಿಕೊಂಡು ಹೋದ ಕಪ್ಪು ರೊಟ್ಟಿ ತಿನ್ನುತ್ತಿದ್ದರು. ಕ್ರೆಸ್ಟನ್‌ಗೆ ನಾನು ಹೆಂಡತಿ, ನಿಜ. ಆದರೆ ಅವನ ಸಂಸಾರ ಅಂತ ಇದ್ದದ್ದು ಆ ಮೇಜು.

ಆ ಶರತ್ಕಾಲದಲ್ಲಿ ಕೋಪನ್‌ಹೇಗನ್ನಿನ ಎಂಜಿನಿಯರುಗಳ ಸಂಘದಿಂದ ವಿಗ್ಗೊಗೆ ಫೋನ್ ಬಂತು. ಸಂಘ ವರ್ಷಕ್ಕೊಮ್ಮೆ ಒಂದು ಕೆಲಸವನ್ನು ಆರಿಸಿ, ಮಾಡಿದವರಿಗೆ ಚಿನ್ನದ ಪದಕ ಕೊಡುತ್ತದೆ. ದೇಶದಲ್ಲಿ ತಂತ್ರಜ್ಞಾನಕ್ಕೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಎಂದು ಸಂಘದವರು ಹೇಳಿಕೊಳ್ಳುತ್ತಾರೆ, ಬೇರೆಯವರೂ ಒಪ್ಪುತ್ತಾರೆ. ಈ ಸಲ ರೆಕ್ಕೆಯ ಜೋಡಣೆಗೆ ಬಂದಿತ್ತು. ಆದರೆ ಅವರ ನಿಯಮದಲ್ಲಿ ಒಂದು ಕೆಲಸಕ್ಕೆ ಮೂರು ಹೆಸರಿಗಿಂತ ಹೆಚ್ಚು ಸೇರಿಸುವಂತಿಲ್ಲ. ಯಾವ ಮೂರು ಎಂದು ನೀವೇ ತೀರ್ಮಾನಿಸಿ ತಿಳಿಸಿ ಎಂದು ಕಾರ್ಯದರ್ಶಿಯಮ್ಮ ಹೇಳಿ ಫೋನಿಟ್ಟಳಂತೆ.

ವಿಗ್ಗೊ ತನ್ನ ಮೀನಿನ ತುಂಡು ಪೂರ್ತಿ ತಿಂದು, ರೊಟ್ಟಿ ಸುತ್ತಿದ್ದ ಕಾಗದ ಮಡಚಿ, ಆಮೇಲೆ ವಿಷಯ ತೆಗೆದನಂತೆ. ಎಲ್ಲರೂ ಅಷ್ಟೇನೂ ಕೆಟ್ಟ ಸುದ್ದಿಯಲ್ಲ ಎಂದರು. ಮೂರೇ ಹೆಸರಂತೆ ಎಂದಾಗ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಗ್ನೆಟೆ ತಾನು ಬರೀ ಅಂಟು ಕಲಸಿದವಳು ಎಂದಳು. ಟೋರ್ಕಿಲ್ ತಾನು ಮಾಡಿದ್ದೇನೂ ಇಲ್ಲ, ಮುರಿದದ್ದೇ ಎಂದ. ವಿಗ್ಗೊ ತನಗೆ ವಯಸ್ಸಾಯಿತು ಎಂದ. ನನ್ನ ಗಂಡ ತಾನು ಕೂಡಿಸಿ ಗುಣಿಸಿದ್ದಷ್ಟೇ ಎಂದ. ಅಲ್ಲಿಗೆ ಆ ಜೋಡಣೆಯನ್ನು ಯಾರೂ ಮಾಡಿಲ್ಲ, ಅದು ತಾನಾಗಿ ಹುಟ್ಟಿಕೊಂಡಿತು ಎಂಬ ತೀರ್ಮಾನವಾಯಿತು.

ಆ ಸಂಜೆ ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಅವನು ಬಂದು ಕೋಟು ಬಿಚ್ಚದೆ ಬಾಗಿಲಲ್ಲಿ ನಿಂತ.

"ಬೋಡಿಲ್, ನನಗೆ ಅದು ಬೇಕು" ಎಂದ.

ನನಗೆ ಗಾಬರಿಯೇ ಆಯಿತು. ಏನು ಬೇಕು, ಕಾಫಿಯೇ ಎಂದು ಕೇಳಿದೆ. ಪದಕ ಎಂದ. ಹೇಳಿಬಿಟ್ಟು, ಕದ್ದು ಸಿಕ್ಕಿಬಿದ್ದವನ ಹಾಗೆ ನೆಲ ನೋಡಿದ.

ಅದು ಯಾಕೆ ಬೇಕೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಡುಗನಾಗಿದ್ದಾಗ, ಇನ್ನೂ ನನ್ನ ಪರಿಚಯವಾಗುವ ಮೊದಲು, ಅವನು ತನ್ನ ಕೈಯಾರೆ ಒಂದು ಗಾಳಿಯಂತ್ರ ಕಟ್ಟಿ ಊರಿನ ದಿಬ್ಬದ ಮೇಲೆ ನಿಲ್ಲಿಸಿದ್ದ. ಬಂದ ಮೊದಲ ಬಿರುಗಾಳಿಗೇ ರೆಕ್ಕೆ ಬುಡದಲ್ಲಿ ಕಿತ್ತು ಹಾರಿ, ಪಕ್ಕದ ಹೊಲದ ರೈತ ಯೆಪ್ಪೆಯ ಹಂದಿಗೂಡಿನ ಮಾಡು ತೂರಿ ಒಳಗೆ ಬಿತ್ತು. ಮನುಷ್ಯರಿಗೆ ಏನೂ ಆಗಲಿಲ್ಲ, ಎರಡು ಹಂದಿ ಸತ್ತವು. ಅಂದಿನಿಂದ ಅವನು ಊರಿಗೆಲ್ಲ ಹಂದಿ ಕ್ರೆಸ್ಟನ್. ಸ್ವಲ್ಪ ಗಾಳಿ ಎದ್ದರೆ ಸಾಕು, ಅಂಗಡಿಯಲ್ಲಿ ಯಾರಾದರೂ ಒಬ್ಬರು ಹಂದಿಗಳನ್ನು ಒಳಗೆ ಕಟ್ಟಬೇಕೇನಯ್ಯಾ ಎಂದು ಕೇಳುತ್ತಾರೆ. ಇವನೂ ಅವರ ಜೊತೆ ನಗುತ್ತಾನೆ. ಮನೆಗೆ ಬಂದ ಮೇಲೆ ನಗುವುದಿಲ್ಲ. ಅದು ನನಗೊಬ್ಬಳಿಗೆ ಗೊತ್ತು. ಅವರಿಗೆ ಅದು ಬರೀ ತಮಾಷೆ. ಇವನಿಗೆ ಹಾಗಲ್ಲ.

ಬೇಕಾದರೆ ಬೇಕು ಎಂದು ಹೇಳು ಎಂದೆ. ಹಾಗೆಲ್ಲ ಹೇಳುವುದಿಲ್ಲ ಎಂದ. ಯಾರು ಹೇಳುವುದಿಲ್ಲ, ನಿಮ್ಮ ಊರಿನವರು ಹೇಳುವುದಿಲ್ಲ, ಮನಸ್ಸಲ್ಲೇ ಇಟ್ಟುಕೊಂಡು ಸಾಯುತ್ತೀರಿ ಎಂದು ನಾನು ರೇಗಿದೆ. ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲ. ಮರುದಿನ ಊಟದ ಮೇಜಿಗೆ ಕೂತು, ಡಬ್ಬಿ ತೆರೆಯುವ ಮೊದಲೇ ಹೇಳಿಬಿಟ್ಟ: "ಮೂರರಲ್ಲಿ ಒಂದು ಹೆಸರು ನನ್ನದಿರಲಿ. ನನಗೆ ಬೇಕು. ಉಳಿದ ಎರಡು ನೀವು ನೋಡ್ಕೊಳ್ಳಿ."

ಟೋರ್ಕಿಲ್ ಕಾಫಿ ತರುತ್ತೇನೆಂದು ಎದ್ದು ಹೋದವನು ಊಟ ಮುಗಿಯುವ ತನಕ ಬರಲಿಲ್ಲವಂತೆ. ಅಗ್ನೆಟೆ ಹವಾಮಾನದ ಮಾತು ತೆಗೆದಳು. ವಿಗ್ಗೊ ಮಾತ್ರ "ಸರಿ" ಎಂದ. ಪಾಪ, ನನ್ನ ಗಂಡ ಆ ಒಂದು "ಸರಿ"ಯನ್ನು ಹಿಡಿದುಕೊಂಡು ಸಂತೋಷವಾಗಿ ಮನೆಗೆ ಬಂದ.

ಅದೇ ಮಧ್ಯಾಹ್ನ ಆ ಮೂವರೂ, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದರು. ಮೂವರೂ ಹೇಳಿದ್ದು ಒಂದೇ: ನನ್ನ ಹೆಸರು ಬಿಡಿ, ಉಳಿದ ಮೂವರಿಗೆ ಕೊಡಿ. ತಾನೊಬ್ಬ ಹಿಂದೆ ಸರಿದರೆ ಲೆಕ್ಕ ಸರಿಹೋಗುತ್ತದೆ ಎಂದು ಪ್ರತಿಯೊಬ್ಬರಿಗೂ ನಂಬಿಕೆ. ನೀವಿಲ್ಲದೆ ಹೇಗೆ, ದಯವಿಟ್ಟು ಹಾಗೆನ್ನಬೇಡಿ ಎಂದು ಆ ಕಡೆಯಿಂದ ಒತ್ತಾಯ ಬರುತ್ತದೆ ಎಂದೂ ನಂಬಿಕೆ. ಆದರೆ ಕಾರ್ಯದರ್ಶಿ ನನ್ನ ಊರಿನವಳು. ನಮ್ಮಲ್ಲಿ ಬೇಡ ಎಂದರೆ ಬೇಡ. ಅವಳು ಮೂರು ಸಲವೂ ಧನ್ಯವಾದ ಹೇಳಿ ಒಂದೊಂದು ಹೆಸರು ಹೊಡೆದುಹಾಕಿದಳು. ಕೊನೆಗೆ ಉಳಿದದ್ದು ಒಂದೇ ಹೆಸರು ಎಂದು ಕಂಡಾಗ, ಆಹಾ, ಮೂವರು ಗೆಳೆಯರು ಸೇರಿ ಒಬ್ಬನಿಗೆ ಬಿಟ್ಟುಕೊಟ್ಟರಲ್ಲ, ಪಶ್ಚಿಮದವರ ಮನಸ್ಸು ಎಷ್ಟು ದೊಡ್ಡದು ಎಂದು ಅವಳ ಕಣ್ಣು ತುಂಬಿತಂತೆ.

ಮುಂದಿನ ವಾರ ಪತ್ರಿಕೆಯಲ್ಲಿ ಕ್ರೆಸ್ಟನ್‌ನ ಚಿತ್ರ ಬಂತು. ಅವನೊಬ್ಬನದೇ.

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಒಳ್ಳೆಯದಾದರೂ ಅಕ್ಕಪಕ್ಕದವರು ತಮ್ಮ ತಮ್ಮ ಅಂಗಳದ ಕಂಬಕ್ಕೆ ಬಾವುಟ ಏರಿಸುತ್ತಾರೆ. ಮಕ್ಕಳ ಹುಟ್ಟುಹಬ್ಬಕ್ಕೆ ಏರಿಸುತ್ತಾರೆ, ಮಗಳಿಗೆ ಕೆಲಸ ಸಿಕ್ಕರೂ ಏರಿಸುತ್ತಾರೆ. ಅವತ್ತು ಬೆಳಿಗ್ಗೆ ಬೀದಿಯುದ್ದಕ್ಕೂ ಕಂಬಗಳು ಬೋಳಾಗಿ ನಿಂತಿದ್ದವು. ಯಾರೂ ಕೆಟ್ಟ ಮಾತು ಆಡಲಿಲ್ಲ, ಇಲ್ಲಿ ಆಡುವುದೂ ಇಲ್ಲ. ಅಂಗಡಿಯವನು ಮಾತ್ರ ಚಿಲ್ಲರೆ ಎಣಿಸಿಕೊಡುತ್ತ, ಎಲ್ಲ ಒಬ್ಬನೇ ಮಾಡಿದೆಯಂತೆ, ಬಹಳ ಸುಸ್ತಾಗಿರಬೇಕು, ಮನೆಗೆ ಹೋಗಿ ಮಲಗು ಎಂದನಂತೆ. ನನಗೆ ಅವನ ಗಲ್ಲಾಪೆಟ್ಟಿಗೆ ಎತ್ತಿ ಅವನ ತಲೆಗೆ ಹಾಕಬೇಕೆನಿಸಿತು.

ಅದಕ್ಕಿಂತ ಕೆಟ್ಟದ್ದು ಆ ಮೇಜು. ವಿಗ್ಗೊ ತನ್ನ ಕೋಣೆಯಲ್ಲೇ ತಿನ್ನತೊಡಗಿದ. ಟೋರ್ಕಿಲ್ ರೆಕ್ಕೆ ಮುರಿಯುವ ಶೆಡ್ಡಿನಲ್ಲಿ ಪತ್ರಿಕೆ ಹಿಡಿದು ಕೂತ. ಅಗ್ನೆಟೆಗೆ ಆ ಹೊತ್ತಿಗೇ ಸರಿಯಾಗಿ ತುರ್ತು ಕೆಲಸ ಬರತೊಡಗಿತು. ಕಿಟಕಿಯ ಪಕ್ಕ ನನ್ನ ಗಂಡನೊಬ್ಬನೇ. ಅವನ ಡಬ್ಬಿ ಹೋದ ಹಾಗೆಯೇ ಮನೆಗೆ ವಾಪಸ್ ಬರುತ್ತಿತ್ತು. ಉಳಿದವರು ತಾವಾಗಿಯೇ ಹೆಸರು ವಾಪಸ್ ತೆಗೆದುಕೊಂಡರೆಂದು ಅವನಿಗೆ ಗೊತ್ತಿರಲಿಲ್ಲ. ತಾನು ಬೇಕು ಎಂದದ್ದಕ್ಕೆ ಸಂಘದವರು ಎಲ್ಲರನ್ನೂ ಕೈಬಿಟ್ಟರು ಎಂದುಕೊಂಡು ಒಳಗೇ ಬೇಯುತ್ತಿದ್ದ. ಒಂದು ದಿನ, ಪದಕ ಬೇಡವೆಂದು ತಿಳಿಸಿಬಿಡುತ್ತೇನೆ ಎಂದ. ಅವನ ಮುಖ ನೋಡಿ ನನಗೆ ಅಳು ಬಂತು. ಜೀವಮಾನದಲ್ಲಿ ಒಂದು ಸಲ ಬಾಯಿಬಿಟ್ಟು ಕೇಳಿದ, ಅದೂ ಗಂಟಲಲ್ಲಿ ಮುಳ್ಳಾಯಿತು.

ನಾನು ಸುಮ್ಮನಿರುವ ಜಾತಿಯವಳಲ್ಲ. ನಾನೇ ಕಾರ್ಯದರ್ಶಿಗೆ ಫೋನ್ ಮಾಡಿ, ನಾಲ್ಕು ಜನರ ಕೆಲಸಕ್ಕೆ ಒಬ್ಬನ ಚಿತ್ರ ಹಾಕುವುದು ಯಾವ ನ್ಯಾಯ ಎಂದು ಕೇಳಿದೆ. ಆಗ ಅವಳು ಮೂರು ಫೋನಿನ ಕಥೆ ಹೇಳಿದಳು. ನಾನು ತಲೆ ಚಚ್ಚಿಕೊಂಡು ಇಲ್ಲಿಯ ಕೇಕಿನ ಪದ್ಧತಿಯನ್ನು ಅವಳಿಗೆ ವಿವರಿಸಿದೆ. ಅವಳು ಒಳ್ಳೆಯ ಹೆಂಗಸು, ನಗಲಿಲ್ಲ. ಪದಕಗಳ ಮೇಲೆ ಇನ್ನೂ ಹೆಸರು ಕೆತ್ತಿಲ್ಲ, ಶುಕ್ರವಾರ ಮಧ್ಯಾಹ್ನದೊಳಗೆ ಇಬ್ಬರು ತಾವಾಗಿ ಫೋನ್ ಮಾಡಿ ಬೇಕು ಎಂದರೆ ಸೇರಿಸಬಹುದು ಎಂದಳು. ಆದರೆ ಅವರೇ ಹೇಳಬೇಕು, ಅವರ ಪರವಾಗಿ ಇನ್ನೊಬ್ಬರು ಹೇಳಿದರೆ ನಡೆಯುವುದಿಲ್ಲ.

ಶುಕ್ರವಾರ ಕಾರ್ಖಾನೆಗೆ ರಜೆ ಇತ್ತು. ಬೆಳಿಗ್ಗೆ ಮೂರು ಫೋನಿನ ಕಥೆ ತಿಳಿಸಿ, ಕ್ರೆಸ್ಟನ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ನಾನೇ ಹೊರಟೆ. ಮೊದಲು ಅಗ್ನೆಟೆಯ ಮನೆ. ಅವಳು ಅಂಗಳದಲ್ಲಿ ಮಣ್ಣಿನಿಂದ ಈರುಳ್ಳಿ ಕೀಳುತ್ತಿದ್ದಳು. ಬಂದವರು ಯಾರೆಂದು ನೋಡಿಯೂ ತಲೆ ಎತ್ತಲಿಲ್ಲ.

"ಬಂದ್ಯಾ, ಪದಕದ ಯಜಮಾನ" ಎಂದಳು.

"ನೀನ್ಯಾಕೆ ಬೇಡ ಅಂದೆ?" ಎಂದು ಕ್ರೆಸ್ಟನ್ ಕೇಳಿದ.

"ನೀನು ಬೇಕು ಅಂದೆಯಲ್ಲ. ಅದಾದ್ಮೇಲೆ ನಾನೂ ಬೇಕು ಅಂದ್ರೆ ನಿನಗೂ ನನಗೂ ಏನು ವ್ಯತ್ಯಾಸ?"

ಅವನು ಅವಳ ಪಕ್ಕ ಮಣ್ಣಿನಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಕಾರ್ಯದರ್ಶಿ ಹೇಳಿದ್ದನ್ನೆಲ್ಲ ತಿಳಿಸಿ, ಈಗ ಕೇಳುತ್ತಿದ್ದೇನೆ, ನಿನಗೆ ಬೇಕೋ ಬೇಡವೋ ಎಂದ. ಅಗ್ನೆಟೆ ಬಹಳ ಹೊತ್ತು ಈರುಳ್ಳಿಯ ಬೇರಿನ ಮಣ್ಣು ಕೊಡವಿದಳು. ಆ ಅಂಟಿನ ರಸಾಯನಕ್ಕೆ ಸುಟ್ಟು ಅವಳ ಬೆರಳುಗಳ ಚರ್ಮ ಪ್ರತಿ ಚಳಿಗಾಲವೂ ಸುಲಿಯುತ್ತಿತ್ತು. ಆ ಬೆರಳುಗಳನ್ನು ನೋಡಿಯೇ ನನಗೆ ಉತ್ತರ ಗೊತ್ತಾಗಿತ್ತು.

"ಬೇಕು ಕಣೋ" ಎಂದಳು. "ನನಗೆ ಸಿಟ್ಟು ಬಂದದ್ದು ನೀನು ಬೇಕು ಅಂದದ್ದಕ್ಕಲ್ಲ. ನನಗಿಂತ ಮೊದಲು ಅಂದದ್ದಕ್ಕೆ."

ಕೈ ತೊಳೆಯದೆ ಒಳಗೆ ಹೋಗಿ ಫೋನ್ ಮಾಡಿದಳು. ನಿಂತುಕೊಂಡೇ ಮಾತಾಡಿದಳು, ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವವಳ ದನಿಯಲ್ಲಿ. ಫೋನಿಟ್ಟು ಕ್ರೆಸ್ಟನ್‌ನ ಬೆನ್ನಿಗೆ ಒಂದು ಗುದ್ದಿದಳು. ಬೆನ್ನ ಮೇಲೆ ಮಣ್ಣಿನ ಗುರುತು ಬಿತ್ತು. ಅವನು ಆ ಗುರುತಿನ ಸಮೇತ ವಿಗ್ಗೊನ ಮನೆಗೆ ಬಂದ, ಬಹಳ ದಿನಗಳ ಮೇಲೆ ನಗುತ್ತ.

ಇನ್ನು ಒಂದು ಜಾಗ, ಇಬ್ಬರು ಮನುಷ್ಯರು. ವಿಗ್ಗೊ ಏಣಿ ಹತ್ತಿ ಮಾಡಿನ ಅಂಚಿನ ಮಳೆನೀರಿನ ದೋಣಿಯಿಂದ ಒಣಗಿದ ಎಲೆ ತೆಗೆಯುತ್ತಿದ್ದ. ಕೆಳಗಿನಿಂದಲೇ ಕ್ರೆಸ್ಟನ್ ವಿಷಯವೆಲ್ಲ ಹೇಳಿ, ನಿನಗೆ ಬೇಕೇ ಎಂದು ಕೇಳಿದ. ವಿಗ್ಗೊ ಕೈಯಲ್ಲಿದ್ದ ಎಲೆಯ ರಾಶಿ ಕೆಳಗೆ ಹಾಕಿ, ತನಗೆ ಈ ವಯಸ್ಸಿನಲ್ಲಿ ಪದಕ ಯಾಕೆ, ಟೋರ್ಕಿಲ್ ಚಿಕ್ಕವನು, ಮುಂದೆ ಬರಬೇಕಾದವನು, ಅವನನ್ನು ಕೇಳು ಎಂದ. ಟೋರ್ಕಿಲ್‌ನ ಮನೆಗೆ ಹೋದರೆ ಅವನು ಪತ್ರಿಕೆಯ ಹಿಂದಿನಿಂದ, ತನಗೆ ಇನ್ನೂ ಬೇಕಾದಷ್ಟು ಕಾಲವಿದೆ, ವಿಗ್ಗೊಗೆ ಇದೇ ಕೊನೆಯದು, ಅವನಿಗೇ ಕೊಡಿ ಎಂದ. ಮತ್ತೆ ವಿಗ್ಗೊನ ಮನೆಗೆ ಬಂದೆವು. ಅವನು ಇನ್ನೂ ಏಣಿಯ ಮೇಲೆಯೇ ಇದ್ದ. ಟೋರ್ಕಿಲ್ ಹೇಳಿದ್ದನ್ನು ಕ್ರೆಸ್ಟನ್ ತಿಳಿಸಿದ. ವಿಗ್ಗೊ ತಿರುಗಿ ನೋಡದೆ, ಬೇಡ ಎಂದೆನಲ್ಲ ಎಂದ.

ಕ್ರೆಸ್ಟನ್ ಗೇಟು ದಾಟಿ ನಿಂತುಬಿಟ್ಟ. ಗೇಟಿನ ಮೇಲೆ ಕೈಯಿಟ್ಟುಕೊಂಡು ಒಳಗೆ ನೋಡುತ್ತಿದ್ದ. ಇನ್ನೊಂದು ಸಲ ಕೇಳಲೇ ಎಂದು ನನ್ನನ್ನು ಕೇಳಿದ.

"ಬೇಡ ಅಂದ್ರೆ ಬೇಡ ಕಣೋ" ಎಂದೆ ನಾನು. "ಹಾಲು ಕುಡಿಯೋ ಮಗುವಾ ಅವನು? ಬೇಕಿದ್ರೆ ಹೇಳ್ತಾನೆ. ಕಾರು ಹತ್ತು."

ಅವನು ಹತ್ತಿದ. ಬದುಕಿನಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಬೇಡ ಎಂಬ ಮಾತನ್ನು ಹಾಗೆಯೇ ನಂಬಿದ. ಕೊನೆಗೂ ಇವನಿಗೆ ನೇರ ಮಾತು ಕಲಿಸಿದೆನಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಮಧ್ಯಾಹ್ನ ಕಳೆಯಿತು. ಆ ಇಬ್ಬರಲ್ಲಿ ಯಾರೂ ಸಂಘಕ್ಕೆ ಫೋನ್ ಮಾಡಲಿಲ್ಲ.

ಸಮಾರಂಭಕ್ಕೆ ನಾವೆಲ್ಲ ಒಟ್ಟಿಗೇ ರೈಲಿನಲ್ಲಿ ಕೋಪನ್‌ಹೇಗನ್ನಿಗೆ ಹೋದೆವು. ನಾವು ಕರೆದಾಗ ವಿಗ್ಗೊ ಮತ್ತು ಟೋರ್ಕಿಲ್ ಎರಡು ಸಲ ಆಗುವುದಿಲ್ಲ ಎಂದು, ಆಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಲ್ದಾಣಕ್ಕೆ ನಮಗಿಂತ ಮೊದಲೇ ಬಂದು ನಿಂತಿದ್ದರು. ವೇದಿಕೆಯ ಮೇಲೆ ಸಂಘದವರು ರೂಢಿಯಂತೆ ಮೂರು ಕುರ್ಚಿ ಇಟ್ಟಿದ್ದರು. ಒಂದನ್ನು ತೆಗೆಸಲು ಯಾರಿಗೂ ತೋಚಲಿಲ್ಲ. ಮಂತ್ರಿ ಪದಕ ಕೊಟ್ಟು ಕೈ ಕುಲುಕಿದ. ಅಗ್ನೆಟೆ ಥ್ಯಾಂಕ್ಸ್ ಎಂದಷ್ಟೇ ಹೇಳಿ ಕೂತಳು. ಕ್ರೆಸ್ಟನ್ ಮಾತಾಡಲು ನಿಂತು, ಹಿಂದಿನ ಸಾಲಿನಲ್ಲಿರುವ ಇಬ್ಬರಿಲ್ಲದೆ ಈ ಜೋಡಣೆ ಇಲ್ಲ ಎಂದು ಹೆಸರು ಹೇಳಿ, ಎದ್ದು ನಿಲ್ಲಿ ಎಂದ. ಅವರು ಅರ್ಧ ಎದ್ದು, ಎದ್ದರೋ ಇಲ್ಲವೋ ಎಂದು ತಿಳಿಯುವ ಮೊದಲೇ ಕೂತರು. ಜನ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಆ ಖಾಲಿ ಕುರ್ಚಿಯ ಮೇಲಿಂದ ಕಣ್ಣು ತೆಗೆಯಲಾರದೆ ಹೋದೆ.

ಮರುದಿನ ವಾಪಸ್ ಬರುವ ರೈಲಿನಲ್ಲಿ ವಿಗ್ಗೊ ನಮ್ಮೆದುರಿಗೆ ಕೂತಿದ್ದ. ಟೋರ್ಕಿಲ್ ಅವನ ಹಿಂದಿನ ಸೀಟಿನಲ್ಲಿ ಪತ್ರಿಕೆ ಬಿಡಿಸಿಕೊಂಡಿದ್ದ. ಅಗ್ನೆಟೆ ನಿದ್ದೆ ಹೋಗಿದ್ದಳು. ವಿಗ್ಗೊ ಪದಕ ನೋಡಬಹುದೇ ಎಂದು ಕೇಳಿದ. ಕ್ರೆಸ್ಟನ್ ಕೋಟಿನ ಜೇಬಿನಿಂದ ತೆಗೆದುಕೊಟ್ಟ. ವಿಗ್ಗೊ ಅದನ್ನು ಅಂಗೈಯಲ್ಲಿಟ್ಟು ಎರಡೂ ಬದಿ ತಿರುಗಿಸಿ, ಹೆಬ್ಬೆರಳಿನಿಂದ ಹೆಸರು ಸವರಿ ವಾಪಸ್ ಕೊಟ್ಟ. ರೈಲು ಸೇತುವೆ ದಾಟಿ ಜಟ್‌ಲ್ಯಾಂಡಿಗೆ ಬಂದಿತ್ತು.

"ಅವತ್ತು ನೀನು ಗೇಟಿನ ಹತ್ರ ನಿಂತಿದ್ದೆಯಲ್ಲ" ಎಂದ ವಿಗ್ಗೊ, ಕಿಟಕಿಯ ಕಡೆ ನೋಡುತ್ತ. "ನಾನು ಏಣಿ ಇಳೀತಿದ್ದೆ. ಕೆಳಗೆ ಕಾಲಿಡೋ ಅಷ್ಟರಲ್ಲಿ ಕಾರು ಹೊರಟುಹೋಯ್ತು."

ಕಾರು ಹೊರಡಿಸಿದವಳು ನಾನು. ಕ್ರೆಸ್ಟನ್ ಪದಕವನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದ.

"ನಾನು ವಾಪಸ್ ಬರಬೇಕಾಗಿತ್ತು" ಎಂದ.

"ನಾನೂ ಕೂಗಬಹುದಾಗಿತ್ತು" ಎಂದ ವಿಗ್ಗೊ. "ಬೇಕು ಅಂತ. ಬಾಯಿ ಬರಲಿಲ್ಲ ಕಣಯ್ಯಾ."

ಹೊರಗೆ ಹೊಲಗಳ ಆಚೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಆಗ ಹಿಂದಿನ ಸೀಟಿನಿಂದ, ಮುಖದ ಮುಂದಿನ ಪತ್ರಿಕೆ ಇಳಿಸದೆಯೇ, ಟೋರ್ಕಿಲ್ ಹೇಳಿದ:

"ನನಗೂ ಬರಲಿಲ್ಲ."